ಟ್ಯಾಂಕರ್ ಬೆನ್ನಿನ ‘2ಪಿ’

ಹೆದ್ದಾರಿಯಲ್ಲಿ ಆ್ಯಸಿಡ್ ಟ್ಯಾಂಕರ್ ಮಗುಚಿದರೆ ಅಗ್ನಿಶಾಮಕ ಸಿಬ್ಬಂದಿಯ ಕಣ್ಣು ಮೊದಲು ಹುಡುಕುವುದು ಅದರ ಮೈಮೇಲಿನ ಫಲಕವನ್ನು. ಗಂಧಕಾಮ್ಲವಾದರೆ ಅಲ್ಲಿ 1830 ಎಂಬ ವಿಶ್ವಸಂಸ್ಥೆಯ ಸಂಖ್ಯೆ, ಜೊತೆಗೆ ಏನು ಮಾಡಬೇಕೆಂದು ತಿಳಿಸುವ ‘2ಪಿ’ ಎಂಬ ಹ್ಯಾಜ್‌ಕೆಮ್ ಸಂಕೇತ. 2 ಅಂದರೆ, ನೀರನ್ನು ಧಾರೆಯಾಗಿ ಹೊಡೆಯಬೇಡಿ, ಮಂಜಿನಂತೆ ಸಿಂಪಡಿಸಿ. ‘ಪಿ’ಯ ಹೊಟ್ಟೆಯಲ್ಲಂತೂ ಮೂರು ಮಾತು: ಇದು ಸಿಡಿದೇಳಬಹುದು, ಉಸಿರಾಟದ ಉಪಕರಣದ ಜೊತೆ ಮೈಪೂರ್ತಿ ಮುಚ್ಚುವ ರಾಸಾಯನಿಕ ನಿರೋಧಕ ಉಡುಪು ಬೇಕೇ ಬೇಕು (ಬೆಂಕಿಗೆ ತೊಡುವ ಕೋಟು ಸಾಲದು), ಚೆಲ್ಲಿದ್ದನ್ನು ಹೇರಳ ನೀರಲ್ಲಿ ತೆಳುಮಾಡಿ. 1970ರ ದಶಕದಲ್ಲಿ ಲಂಡನ್ ಅಗ್ನಿಶಾಮಕ ದಳ ರೂಪಿಸಿದ ಸಂಕೇತ ಪದ್ಧತಿ ಇದು. ಕೆಲಸ ಬಲ್ಲವರ ಜಾಣ್ಮೆ ಎದ್ದು ಕಾಣುತ್ತದೆ. ನಮ್ಮಲ್ಲೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಡಿ ಈ ಫಲಕ ಕಡ್ಡಾಯ. ಟ್ಯಾಂಕರ್ ಮಾಲೀಕರೇ, ದಯವಿಟ್ಟು ಅದರ ಮೇಲಿನ ಕೆಸರು ಒರೆಸಿಡಿ.