ಶಕ್ತಿಯ ಲೆಕ್ಕಕ್ಕೆ ಗಡಿಯಾರವಿಲ್ಲ

ಪಿಯುಸಿ ಮೊದಲ ವರ್ಷದ ಭೌತಶಾಸ್ತ್ರ ತರಗತಿಯಲ್ಲಿ ಬೀಳುವ ವಸ್ತುವಿನ ಲೆಕ್ಕ ಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: ‘ಚಲನೆಯ ಸಮೀಕರಣದಿಂದಲೂ ಮಾಡಬಹುದು, ಶಕ್ತಿ ಸಂರಕ್ಷಣೆಯಿಂದಲೂ ಮಾಡಬಹುದು. ಉತ್ತರ ಒಂದೇ. ಶಕ್ತಿಯದ್ದು ಶಾರ್ಟ್‌ಕಟ್.’ ಟ್ಯೂಷನ್‌ಗಳಲ್ಲಿ, ಗೈಡುಗಳಲ್ಲಿ, ಒಳ್ಳೆಯ ಮೇಷ್ಟರ ಬಾಯಲ್ಲೂ ಇದೇ ಮಾತು. ಎರಡು ದಾರಿ, ಒಂದೇ ಊರು. ಈ ಮಾತಿನಿಂದ ಮಕ್ಕಳಿಗೆ ಆಗಿರುವ ಅನುಕೂಲಕ್ಕಿಂತ ಕೆಡುಕೇ ಹೆಚ್ಚು ಎಂಬುದು ನನ್ನ ವಾದ. ಈ ಎರಡು ವಿಧಾನಗಳು ಉತ್ತರಿಸುವ ಪ್ರಶ್ನೆಗಳೇ ಬೇರೆ. ಆ ವ್ಯತ್ಯಾಸವನ್ನು ಹೇಳಿಕೊಡದೆ ಶಾರ್ಟ್‌ಕಟ್ ಕೊಟ್ಟರೆ ಹುಡುಗರು ತಲುಪುವುದು ಬೇರೆ ಊರನ್ನೇ.

ಒಂದು ಲೆಕ್ಕವನ್ನು ಹತ್ತಿರದಿಂದ ನೋಡೋಣ. 20 ಮೀಟರ್ ಎತ್ತರದ ಮಹಡಿಯಿಂದ ಮೂರು ಚೆಂಡುಗಳನ್ನು ಎಸೆಯುತ್ತೇವೆ. ಒಂದು ನೇರ ಮೇಲಕ್ಕೆ, ಒಂದು ನೇರ ಕೆಳಕ್ಕೆ, ಇನ್ನೊಂದು ಅಡ್ಡಕ್ಕೆ. ಮೂರಕ್ಕೂ ಕೊಡುವ ಜವ ಸೆಕೆಂಡಿಗೆ 15 ಮೀಟರ್. ಗಾಳಿಯ ತಡೆಯನ್ನು ಬಿಟ್ಟುಬಿಡಿ, ಗುರುತ್ವ ವೇಗೋತ್ಕರ್ಷ 10 ಎಂದಿಟ್ಟುಕೊಳ್ಳಿ.

ಶಕ್ತಿಯ ಜಮಾ-ಖರ್ಚು ಎರಡೇ ಸಾಲಿನದು. ಕೈಬಿಟ್ಟ ಕ್ಷಣದಲ್ಲಿ ಪ್ರತಿ ಕಿಲೋಗ್ರಾಂಗೆ ಚಲನ ಶಕ್ತಿ 112.5 ಜೂಲ್, ಪ್ರಚ್ಛನ್ನ ಶಕ್ತಿ 200 ಜೂಲ್. ನೆಲ ಮುಟ್ಟುವ ಹೊತ್ತಿಗೆ ಅಷ್ಟೂ, ಅಂದರೆ 312.5 ಜೂಲ್, ಚಲನ ಶಕ್ತಿಯಾಗಿರುತ್ತದೆ. ಜವ ಸೆಕೆಂಡಿಗೆ 25 ಮೀಟರ್. ಮೂರು ಚೆಂಡಿಗೂ ಒಂದೇ ಉತ್ತರ. ಎಸೆದ ದಿಕ್ಕನ್ನು ನಾವು ಬಳಸಲೇ ಇಲ್ಲ. ಇದು ನಿಜಕ್ಕೂ ಬೆರಗಿನ ಫಲಿತಾಂಶ. ಇದನ್ನು ‘ಬೇಗ ಮುಗಿಯುವ ವಿಧಾನ’ ಎಂದಷ್ಟೇ ಕರೆದರೆ ಆ ಬೆರಗಿಗೇ ಅಪಚಾರ.

ಈಗ ಕೇಳಿ: ಯಾವ ಚೆಂಡು ಮೊದಲು ಬೀಳುತ್ತದೆ? ಕೆಳಕ್ಕೆ ಎಸೆದದ್ದು 1 ಸೆಕೆಂಡಿಗೆ, ಅಡ್ಡಕ್ಕೆ ಎಸೆದದ್ದು 2 ಸೆಕೆಂಡಿಗೆ, ಮೇಲಕ್ಕೆ ಎಸೆದದ್ದು 4 ಸೆಕೆಂಡಿಗೆ. ಆ ಎರಡು ಸಾಲಿನ ಜಮಾ-ಖರ್ಚಿನಲ್ಲಿ ಈ ಸಂಖ್ಯೆಗಳ ಸುಳಿವೂ ಸಿಗದು. ಅಲ್ಲಿ ಕಾಲಕ್ಕೆ ಕಲಮೇ ಇಲ್ಲ, ದಿಕ್ಕಿಗೂ ಇಲ್ಲ.

ಹುಡುಗರು ಎಡವುವುದು ಅಡ್ಡಕ್ಕೆ ಎಸೆದ ಚೆಂಡಿನಲ್ಲಿ. ‘ವಿ ಸ್ಕ್ವೇರ್ ಈಕ್ವಲ್ ಟು ಯು ಸ್ಕ್ವೇರ್ ಪ್ಲಸ್ ಟು ಎ ಎಸ್’ ಎಂದು ಬರೆದು, ಆರಂಭದ ವೇಗದ ಜಾಗಕ್ಕೆ 15 ತುಂಬಿಸುತ್ತಾರೆ. 25 ಬರುತ್ತದೆ, ಪೂರ್ಣ ಅಂಕವೂ ಬರುತ್ತದೆ. ಆದರೆ ಆ ಸಮೀಕರಣ ಕೇಳುವುದು ಲಂಬ ದಿಕ್ಕಿನ ವೇಗವನ್ನು, ಮತ್ತು ಇಲ್ಲಿ ಅದು ಸೊನ್ನೆ. ಹುಡುಗ ತನಗೇ ಅರಿವಿಲ್ಲದೆ ಶಕ್ತಿಯ ಲೆಕ್ಕ ಮಾಡಿ ಅದಕ್ಕೆ ಚಲನೆಯ ಸಮೀಕರಣದ ಅಂಗಿ ತೊಡಿಸಿದ್ದಾನೆ. ಮುಂದಿನ ಉಪಪ್ರಶ್ನೆ ಕಾಲದ್ದು. ಅದೇ ಧೈರ್ಯದಲ್ಲಿ 15ರಿಂದ 25ಕ್ಕೆ ಏರಲು 1 ಸೆಕೆಂಡ್ ಸಾಕು ಎಂದು ಬರೆಯುತ್ತಾನೆ. ಸರಿಯುತ್ತರ 2. ಚೆಂಡು ನೆಲ ಮುಟ್ಟುವಾಗ ಅಡ್ಡ ವೇಗ 15, ಲಂಬ ವೇಗ 20. ಎರಡೂ ಕೂಡಿ 25 ಆಗುವುದು ಲಂಬಕೋನ ತ್ರಿಭುಜದ ಲೆಕ್ಕದಲ್ಲಿ. ‘ಎರಡೂ ಒಂದೇ’ ಎಂದು ಕಲಿಸಿದ್ದರ ಫಲ ಇದು.

ನಮ್ಮ ಪಠ್ಯಪುಸ್ತಕದ ಕನ್ನಡದಲ್ಲಿ ಇದಕ್ಕೆ ಮದ್ದು ಆಗಲೇ ಇದೆ. ದಿಕ್ಕಿಲ್ಲದ್ದು ಜವ, ದಿಕ್ಕಿರುವುದು ವೇಗ. ಶಕ್ತಿಯ ಲೆಕ್ಕ ಜವವನ್ನು ಕೊಡುತ್ತದೆ, ಚಲನೆಯ ಸಮೀಕರಣಗಳು ವೇಗವನ್ನೂ ಕಾಲವನ್ನೂ ಕೊಡುತ್ತವೆ. ಈ ಎರಡು ಪದಗಳನ್ನು ವ್ಯಾಖ್ಯೆಯ ಪ್ರಶ್ನೆಗಷ್ಟೇ ಬಾಯಿಪಾಠ ಮಾಡಿಸಿ, ಲೆಕ್ಕಕ್ಕೆ ಕೂತಾಗ ಮರೆಯುತ್ತೇವೆ.

ತಪ್ಪು ತಿಳಿವಳಿಕೆಗೆ ಇನ್ನೊಂದು ಬೇರೂ ಇದೆ. ಶಾಲೆಯಲ್ಲಿ ಚಲನ ಶಕ್ತಿಯ ಸೂತ್ರವನ್ನು ಚಲನೆಯ ಮೂರನೆಯ ಸಮೀಕರಣದಿಂದಲೇ ಪಡೆಯುತ್ತೇವೆ. ಹಾಗಾಗಿ ಶಕ್ತಿ ಎಂದರೆ ಆ ಸಮೀಕರಣವನ್ನು ದ್ರವ್ಯರಾಶಿಯ ಅರ್ಧದಿಂದ ಗುಣಿಸಿದ್ದು, ಅಷ್ಟೇ ಎಂಬ ಭಾವನೆ ಉಳಿಯುತ್ತದೆ. ಇತಿಹಾಸ ಬೇರೆಯೇ ಹೇಳುತ್ತದೆ. 1638ರ ತನ್ನ ಗ್ರಂಥದಲ್ಲಿ ಗೆಲಿಲಿಯೋ, ಎತ್ತರ ಒಂದೇ ಆಗಿದ್ದರೆ ಇಳಿಜಾರು ಹೇಗೇ ಇರಲಿ, ಬುಡದಲ್ಲಿ ಸಿಗುವ ಜವ ಒಂದೇ ಎಂಬುದನ್ನು ಪ್ರತ್ಯೇಕ ಆಧಾರತತ್ತ್ವವಾಗಿ ಇಟ್ಟ. ಅದಕ್ಕೆ ಆತ ತೋರಿಸಿದ್ದು ಒಂದು ಲೋಲಕ ಮತ್ತು ಒಂದು ಮೊಳೆ. ತೂಗುವ ದಾರಕ್ಕೆ ನಡುವೆ ಮೊಳೆ ಅಡ್ಡ ಬಂದು ಕಂಸ ಚಿಕ್ಕದಾದರೂ ಗುಂಡು ಬಿಟ್ಟ ಎತ್ತರಕ್ಕೇ ಏರುತ್ತದೆ. ಶಕ್ತಿ ಎಂಬ ಪರಿಕಲ್ಪನೆ ಆಗ ಹುಟ್ಟಿರಲೇ ಇಲ್ಲ. ದ್ರವ್ಯರಾಶಿಯನ್ನು ಜವದ ವರ್ಗದಿಂದ ಗುಣಿಸಿ ಲೆಕ್ಕ ಇಡಬೇಕೆಂದು ಲೈಬ್ನಿಟ್ಸ್ ವಾದಿಸಿದ್ದು 1686ರಲ್ಲಿ. ಆ ಮೊಳೆಯ ಪ್ರಯೋಗದಲ್ಲಿ ವೇಗೋತ್ಕರ್ಷ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಆದ್ದರಿಂದ ನಮ್ಮ ಮೂರು ಸಮೀಕರಣಗಳು ಅಲ್ಲಿ ಕೆಲಸಕ್ಕೆ ಬಾರವು. ಉದ್ಯಾನದ ಬಾಗಿದ ಜಾರುಬಂಡೆಗೂ ಅಷ್ಟೇ. ಜಾರುಬಂಡೆ ನುಣುಪಾಗಿದ್ದರೆ ಶಕ್ತಿಯ ಲೆಕ್ಕ ಮಾತ್ರ ಅಲುಗದೆ ನಿಲ್ಲುತ್ತದೆ.

ಮಳೆಹನಿಯನ್ನೇ ನೋಡಿ. 1 ಕಿಲೋಮೀಟರ್ ಎತ್ತರದಿಂದ ತಡೆಯಿಲ್ಲದೆ ಬಿದ್ದರೆ ಹನಿ ಸೆಕೆಂಡಿಗೆ 140 ಮೀಟರ್ ಜವದಲ್ಲಿ ತಲೆಗೆ ಬಡಿಯಬೇಕು. ದೊಡ್ಡ ಹನಿಯೂ ಬೀಳುವುದು ಸುಮಾರು 9 ಮೀಟರ್ ಜವದಲ್ಲಿ. ಸಮೀಕರಣ ಸೋತಿತು ಎಂದು ಅಲ್ಲಿಗೇ ಕೈತೊಳೆದುಕೊಳ್ಳಬಹುದು. ಶಕ್ತಿಯ ಲೆಕ್ಕ ಹಿಡಿದವನು ಹಾಗೆ ಬಿಡಲಾರ. ನೂರರಲ್ಲಿ 99 ಪಾಲಿಗಿಂತ ಹೆಚ್ಚು ಶಕ್ತಿ ಕಾಣೆಯಾಗಿದೆ, ಅದು ಎಲ್ಲಿ ಹೋಯಿತು ಎಂದು ಕೇಳಲೇಬೇಕು. ಗಾಳಿಯನ್ನು ಕಲಕಿ, ಕೊನೆಗೆ ಶಾಖವಾಗಿದೆ ಎಂಬ ಉತ್ತರಕ್ಕೆ ದಾರಿ ತೆರೆಯುವುದು ಆ ಪ್ರಶ್ನೆಯೇ.

ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಇಷ್ಟೆಲ್ಲ ಯೋಚಿಸಲು ಪುರಸೊತ್ತೆಲ್ಲಿ ಎಂದು ಕೇಳುವವರಿದ್ದಾರೆ. ಅವರ ಕಷ್ಟ ನನಗೆ ಗೊತ್ತು. ಒಂದು ಪ್ರಶ್ನೆಗೆ ಸಿಗುವುದು 80 ಸೆಕೆಂಡ್, ಅದರಲ್ಲಿ ತಪ್ಪು ಉಪಕರಣ ಹಿಡಿದು ಅರ್ಧ ದಾರಿಯಿಂದ ಹಿಂದಿರುಗಲು ಸಮಯವಿರುವುದಿಲ್ಲ. ಕೇಳಿರುವುದು ಜವವೋ, ಕಾಲವೋ, ದಿಕ್ಕೋ ಎಂದು ಮೊದಲು ನೋಡುವ ಅಭ್ಯಾಸಕ್ಕೆ ಐದು ಸೆಕೆಂಡ್ ಸಾಕು. ಯಾವ ಶಾರ್ಟ್‌ಕಟ್ಟೂ ಇದಕ್ಕಿಂತ ಹೆಚ್ಚು ಸಮಯ ಉಳಿಸಲಾರದು.

ಮೇಷ್ಟ್ರುಗಳಲ್ಲಿ ನನ್ನದೊಂದೇ ವಿನಂತಿ. ‘ಎರಡೂ ವಿಧಾನದಿಂದ ಬಿಡಿಸಿ’ ಎಂಬ ಪ್ರಶ್ನೆಯನ್ನು ಕೈಬಿಟ್ಟು, ಮೂರು ಚೆಂಡಿನ ಲೆಕ್ಕವನ್ನು ಹಲಗೆಯ ಮೇಲೆ ಬರೆಯಿರಿ. ಮೊದಲು ಬೀಳುವುದು ಯಾವುದು, ಜೋರಾಗಿ ಬೀಳುವುದು ಯಾವುದು ಎಂದು ಎರಡನ್ನೂ ಒಟ್ಟಿಗೇ ಕೇಳಿ. ಮೊದಲನೆಯದಕ್ಕೆ ಮೂರು ಬೇರೆ ಸಂಖ್ಯೆ, ಎರಡನೆಯದಕ್ಕೆ ಒಂದೇ ಸಂಖ್ಯೆ ಬಂದಾಗ ತರಗತಿಯಲ್ಲಿ ಯಾರಾದರೂ ‘ಅದು ಹೇಗೆ ಸಾರ್?’ ಎನ್ನುತ್ತಾರೆ. ಪಾಠವನ್ನು ಅಲ್ಲಿಂದ ಶುರುಮಾಡಿ.