ಔಷಧದಾನವೂ ಅಭಯದಾನವೂ

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ಅರಿತ ಶ್ರಾವಕರಿಗೆ ಪಲ್ಸ್ ಪೋಲಿಯೋ ಅಭಿಯಾನವು ವಿಚಾರಾರ್ಹವಾದುದು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ರೋಟರಿ ಮೊದಲಾದ ಸಂಸ್ಥೆಗಳು ಕೂಡಿ ಆರಂಭಿಸಿದ ಪೋಲಿಯೋ ನಿರ್ಮೂಲನ ಕಾರ್ಯವು 1995ರಲ್ಲಿ ಪಲ್ಸ್ ಪೋಲಿಯೋ ರೂಪದಲ್ಲಿ ಭಾರತದಾದ್ಯಂತ ವ್ಯಾಪಿಸಿತು. 2011ರ ಜನವರಿಯ ನಂತರ ಇಲ್ಲಿ ಸಹಜ ಪೋಲಿಯೋ ವೈರಾಣುವಿಗೆ ಯಾವ ಮಗುವೂ ತುತ್ತಾಗಿಲ್ಲ. 2014ರಲ್ಲಿ ದೇಶವು ಪೋಲಿಯೋಮುಕ್ತವೆಂದು ಘೋಷಿತವಾಯಿತು. ಈ ಜಯದ ಮೂಲಧನ ಜನರ ವಿಶ್ವಾಸ. ನೆಲ್ಯಾಡಿಯಂಥ ಊರಿನ ತಾಯಿ ಮಗುವಿನ ಬಾಯಿ ತೆರೆಸುವುದು ಪರಿಚಿತ ಅಂಗನವಾಡಿ ಕಾರ್ಯಕರ್ತೆಯ ಮಾತನ್ನು ನಂಬಿ.

ಆದರೆ ಅಭಿಯಾನದಲ್ಲಿ ಒಂದು ಲೋಪವುಂಟು. ‘ಎರಡು ಹನಿ’ ಎಂದು ಸಾರುವ ಪ್ರಚಾರವು, ಲಸಿಕೆಯ ವೈರಾಣುವನ್ನು ಕೋತಿಯ ಮೂತ್ರಪಿಂಡದ ಜೀವಕೋಶಗಳಲ್ಲಿ ಬೆಳೆಸುವುದನ್ನು ಹೇಳುವುದಿಲ್ಲ. ಅಹಿಂಸಾಣುವ್ರತಿಗೆ ಇದು ಅಲ್ಪ ವಿಷಯವಲ್ಲ. 1962ರಲ್ಲಿ ಪಡೆದ ವೀರೋ ಕೋಶಗಳು ಪ್ರಯೋಗಾಲಯಗಳಲ್ಲಿ ಇಂದಿಗೂ ವೃದ್ಧಿಸುತ್ತಿರುವುದರಿಂದ, ಅವನ್ನು ಬಳಸುವಲ್ಲಿ ಪ್ರತಿಬಾರಿಯೂ ಹೊಸ ಜೀವಹಾನಿ ಬೇಕಿಲ್ಲವೆಂಬುದನ್ನೂ ಅದು ತಿಳಿಸುವುದಿಲ್ಲ. ಸಂಕಲ್ಪೀ ಹಿಂಸೆಯನ್ನು ತ್ಯಜಿಸಿದ ಗೃಹಸ್ಥನು ಶಿಶುರಕ್ಷಣೆಯನ್ನು ತೂಗಿನೋಡಿ ಲಸಿಕೆಯನ್ನು ಸ್ವೀಕರಿಸಬಹುದು. ತಿಳಿದು ಸ್ವೀಕರಿಸುವುದೇ ವಿವೇಕ.

ಸತ್ಯವನ್ನು ಮರೆಮಾಚಿದ ಔಷಧದಾನದಿಂದ ಅಭಯ ಹುಟ್ಟದು. ಬಸದಿಗಳ ಟ್ರಸ್ಟುಗಳು ವೈದ್ಯರನ್ನು ಬರಮಾಡಿಕೊಂಡು, ಶ್ರಾವಕ-ಶ್ರಾವಿಕೆಯರ ಮುಂದೆ ಇದನ್ನು ಬಿಡಿಸಿ ಹೇಳಿಸುವುದು ಉಚಿತ.