ರೋಗಕ್ಕೆ ವಾರಸು, ಪ್ರತಿಭೆಗಲ್ಲವೇ?



ಅಮೆರಿಕದ ಡೇವಿಡ್ ಆಬರ್ನ್ ಅವರ ‘ಪ್ರೂಫ್’ ನಾಟಕಕ್ಕೆ 2001ರಲ್ಲಿ ಪುಲಿಟ್ಜರ್ ಪ್ರಶಸ್ತಿ ಲಭಿಸಿತು. ಶಿಕಾಗೋದ ಮಹಾ ಗಣಿತಜ್ಞ ರಾಬರ್ಟ್ ಬಹುಕಾಲ ಮನೋರೋಗದಿಂದ ಬಳಲಿ ಮೃತನಾಗಿದ್ದಾನೆ. ಓದು ತೊರೆದು ಅವನ ಆರೈಕೆ ಮಾಡಿದವಳು ಕಿರಿಯ ಮಗಳು ಕ್ಯಾಥರೀನ್. ತಂದೆಯ ಮೇಜಿನಲ್ಲಿ ದೊರೆತ ಅಪೂರ್ವ ಗಣಿತ ಸಾಧನೆ ತನ್ನದೆಂದು ಅವಳು ಹೇಳಿದಾಗ ಅಕ್ಕನೂ ನಂಬಳು, ತಂದೆಯ ಶಿಷ್ಯನೂ ನಂಬನು. ಆದರೆ ತಂದೆಯ ರೋಗ ಅವಳಿಗೂ ಅಂಟಿದೆಯೆಂಬ ಶಂಕೆ ಅಕ್ಕನಲ್ಲಿ ಮೊದಲೇ ಮನೆಮಾಡಿದೆ. ಅದೇ ರಕ್ತದಲ್ಲಿ ಪ್ರತಿಭೆ ಹರಿದು ಬರಬಾರದೇ? ಈ ಅನ್ಯಾಯವೇ ನಾಟಕದ ತಿರುಳು.

ಕೊರತೆಯೂ ಒಂದುಂಟು. ಲೆಕ್ಕವನ್ನು ಪರೀಕ್ಷಿಸಿ ಸರಿಯೆಂದು ಕಂಡ ಮೇಲೆಯೇ ಶಿಷ್ಯನು ಅವಳನ್ನು ನಂಬುತ್ತಾನೆ. ಸಾಮಾನ್ಯ ಮಗಳಾಗಿದ್ದರೆ ಅವಳ ಮಾತಿಗೆ ಬೆಲೆಯೇ ಇರುತ್ತಿರಲಿಲ್ಲವೇ? ನಾಟಕ ಇದನ್ನು ಕೇಳುವುದಿಲ್ಲ.

ನಾವು ಕೇಳಬೇಕು. ನಮ್ಮ ಬೋಗಾದಿಯಲ್ಲಿಯೂ ಮದುವೆಯ ಮಾತುಕತೆಯ ನಡುವೆ, ‘ಆ ಮನೆಯಲ್ಲಿ ಬುದ್ಧಿಭ್ರಮಣೆ ಉಂಟಂತೆ’ ಎಂಬ ಪಿಸುಮಾತು ಕೇಳಿಬಂದರೆ ನೆನಪಿರಲಿ: ತಂದೆಗೋ ತಾಯಿಗೋ ಸ್ಕಿಜೋಫ್ರೇನಿಯಾದಂತಹ ತೀವ್ರ ರೋಗವಿದ್ದರೂ, ಅಂಥವರ 10 ಮಕ್ಕಳಲ್ಲಿ ಸುಮಾರು 9 ಮಂದಿಗೆ ಅದು ಬರುವುದಿಲ್ಲ. ಬಂದವರಿಗೂ ಚಿಕಿತ್ಸೆಯುಂಟು. ಆರೈಕೆ ಮಾಡಿ ದಣಿದ ಮಗಳನ್ನು ಶಂಕಿಸುವ ಮೊದಲು ಅವಳ ಮಾತನ್ನು ಕೇಳೋಣ. ಸಾಕ್ಷ್ಯ ಬೇಡದೆ ನಂಬೋಣ.